ಕಾಶಮ್ಮನ ಬಾಗಿಲು

ಸಂಜೆ ಆರು ಗಂಟೆ ನಲವತ್ತು ನಿಮಿಷ. ಕಾರ್ಖಾನೆಯಿಂದ ಜೀಪಿನಲ್ಲಿ ಬಂದವರು ಆಮೇಲೆ, ಎಂಟರ ಸುಮಾರಿಗೆ ಸ್ವಲ್ಪ ವಾಸನೆ ಬಂದಿರಬಹುದು ಎಂದರು. ಎಂಟಕ್ಕಲ್ಲ, ಆರು ನಲವತ್ತಕ್ಕೆ. ನಮ್ಮ ಗೋಡೆ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತು. ಅದನ್ನು ಕಳೆದೇ ಹೇಳುತ್ತಿದ್ದೇನೆ. ಆ ಹೊತ್ತಿಗೆ ನಾನು ಎದುರು ಸಾಲಿನ ಒಂಟಿ ಮುದುಕಿ ಕಾಶಮ್ಮಾಯಿಯ ಮನೆಯಲ್ಲಿ ದೀಪ ಹಚ್ಚಿ, ಆಕೆಯ ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು, ನಮ್ಮ ಅಡುಗೆಮನೆಯ ಹೊಸ್ತಿಲಿನ ಮೇಲೆ ಕುಳಿತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಂಗಿ ರೇಣು ಶೇಂಗಾ ಹಿಂಡಿಯ ಬಟ್ಟಲಿಗೆ ಬೆರಳು ಹಾಕಿ ನೆಕ್ಕುತ್ತಿದ್ದಳು. ಅಪ್ಪ ಹುಮನಾಬಾದ್ ಮಂಡಿಯಲ್ಲಿ ದಲ್ಲಾಳಿಯ ಅಡತ್ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದವನು ಇನ್ನೂ ಬಂದಿರಲಿಲ್ಲ. ಮೊದಲು ಮೂಗಿನ ತುದಿ ಚುರುಗುಟ್ಟಿತು. ಆಮೇಲೆ ಕಣ್ಣು. ರೇಣು ಸೀನಿದಳು, ನಾನು ಕೆಮ್ಮಿದೆ, ಓಣಿಯಲ್ಲಿ ಯಾರೋ ಜೋರಾಗಿ ನಕ್ಕರು.

ನಕ್ಕದ್ದಕ್ಕೆ ಕಾರಣವಿತ್ತು. ನಮ್ಮ ಕಡೆ ಮಕ್ಕಳಿಗೆ ದೃಷ್ಟಿ ತಗುಲಿತೆಂದರೆ ದೀಪದ ಹೊತ್ತಿಗೆ ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಎದ್ದರೆ ದೃಷ್ಟಿ ಇಲ್ಲ, ಏಳದಿದ್ದರೆ ಭಾರೀ ದೃಷ್ಟಿ ಎಂದು ಲೆಕ್ಕ. ಹಾಗಾಗಿ ಸಂಜೆ ಯಾರ ಮನೆಯಿಂದಲಾದರೂ ಘಾಟು ಬಂದು ಓಣಿಯೆಲ್ಲ ಕೆಮ್ಮುವುದು ನಮಗೆ ಹೊಸದಲ್ಲ. ಎದುರುಮನೆಯ ಶಾಂತಾಬಾಯಿ ತನ್ನ ಕಟ್ಟೆಯ ಮೇಲಿಂದಲೇ ಕೂಗಿದಳು:

"ಯಾರ ಕೂಸಿಂದ್ ದೃಷ್ಟಿ ತಗದೀರೇ? ಚೀಲಗಟ್ಲೆ ಮೆಣಸಿನಕಾಯಿ ಸುಡಾಕತ್ತೀರೇನು? ಇಷ್ಟ್ ಘಾಟ್ ಬಂದದಂದ್ರ ನಿಮ್ಮ ಕೂಸಿನ್ ಕಡಿ ಯಾರೂ ಹೊಳ್ಳಿ ಸುದ್ದಾ ನೋಡಿಲ್ಲ ಬಿಡ್ರಿ!"

ಅದಕ್ಕೆ ಇಡೀ ಓಣಿ ನಕ್ಕಿತು. ಎಲ್ಲರ ಮುಂಬಾಗಿಲೂ ತೆರೆದಿತ್ತು. ದೀಪ ಹಚ್ಚಿದ ಹೊತ್ತಿನಲ್ಲಿ ಬಾಗಿಲು ಹಾಕಿದರೆ ಲಕ್ಷ್ಮಿ ಹೊರಗೇ ನಿಲ್ಲುತ್ತಾಳೆಂದು, ಚಳಿಯಿರಲಿ ಸೊಳ್ಳೆಯಿರಲಿ ಯಾರೂ ಹಾಕುತ್ತಿರಲಿಲ್ಲ. ಹೆದ್ದಾರಿಯ ಆಚೆಯ ಕಾರ್ಖಾನೆಗಳ ಕಡೆಯಿಂದ ಹೊರಟದ್ದು ಒಂದೊಂದೇ ಮನೆಯೊಳಗೆ ನಡೆದು ಬರುತ್ತಿತ್ತು. ನಾವು ಅದಕ್ಕೆ ಬಾಗಿಲು ತೆರೆದು ದೀಪ ತೋರಿಸುತ್ತಾ ಕುಳಿತಿದ್ದೆವು. ಅದು ಯಾವ ಅನಿಲವೆಂದು ಇವತ್ತಿಗೂ ನಮಗೆ ಯಾರೂ ಹೇಳಿಲ್ಲ. ನಾನು ರಸಾಯನಶಾಸ್ತ್ರ ಓದಿದ್ದಕ್ಕೆ ಬೇರೆ ಕಾರಣ ಹುಡುಕುವವರು ಹುಡುಕಿಕೊಳ್ಳಲಿ.

ಕಾಶಮ್ಮಾಯಿಯ ದೀಪ ಹಚ್ಚುವುದು ನನ್ನ ಪಾಲಿಗೆ ಬಂದದ್ದು ಹೇಗೆಂದು ಹೇಳಬೇಕು. ಅವ್ವನ ತವರು ಬಸವಕಲ್ಯಾಣ. ನಮ್ಮವರು ಬರೀ ಕಲ್ಯಾಣ ಎನ್ನುತ್ತಾರೆ. ಅಲ್ಲಿ ಅವಳ ಮನೆಯಲ್ಲಿ, ಮಕ್ಕಳಿಗೆ ತಿಳಿವಳಿಕೆ ಬಂತೆಂದರೆ, ತಮ್ಮ ಮನೆಯದಲ್ಲದ ಒಂದು ಕೆಲಸವನ್ನು ತಲೆಗೊಂದರಂತೆ ಹಂಚುತ್ತಿದ್ದರಂತೆ. ಹುಮನಾಬಾದಿನ ಈ ಬಾಡಿಗೆ ಮನೆಗೆ ಬಂದಾಗ ಅವಳು ತಂದದ್ದು ಎರಡು ತಾಮ್ರದ ಕೊಡ ಮತ್ತು ಈ ಕಟ್ಟಳೆ. ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಪಡಸಾಲೆಯಲ್ಲೇ ಊಟ, ಓದು, ಜಗಳ, ನಿದ್ದೆ. ಇಷ್ಟರಲ್ಲಿ ಮಾಡುವ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಆದರೂ ಅವ್ವ ಅದನ್ನು ಮನೆ ಕೆಲಸವೆಂದು ಬದಿಗಿಟ್ಟು, ಇನ್ನೊಂದನ್ನು ಓಣಿ ಕೆಲಸ ಎನ್ನುತ್ತಿದ್ದಳು. ರೇಣುವಿನ ಓಣಿ ಕೆಲಸ, ಬೀದಿಯ ದನಗಳಿಗೆ ಕಲ್ಲಿನ ದೋಣಿಯಲ್ಲಿ ನೀರು ತುಂಬುವುದು. ನನ್ನದು, ಮೊಣಕಾಲು ಹೋಗಿ ಗೋಡೆ ಹಿಡಿದು ತೆವಳುವ ಕಾಶಮ್ಮಾಯಿಗೆ ಸಂಜೆ ದೀಪ ಹಚ್ಚಿಕೊಟ್ಟು ಬಾಗಿಲು ತೆಗೆಯುವುದು, ಉಂಡ ಮೇಲೆ ಹೋಗಿ ಹಾಕಿ ಬರುವುದು. ಅದಕ್ಕೆ ಪ್ರತಿಯಾಗಿ ಒಂದು ಚೂರು ಬೆಲ್ಲ ತಿಂದು ಬಂದರೂ ಅವ್ವ ಬಾಯಿ ಮೂಸಿ ನೋಡಿ ಕಂಡುಹಿಡಿದು ಬೈಯುತ್ತಿದ್ದಳು.

ಕುಂಟಬಿಲ್ಲೆ ಆಟ ಕಳೆಗಟ್ಟುವುದು ಸರಿಯಾಗಿ ಆ ಹೊತ್ತಿಗೇ. ನಾನು ದಿನವೂ ಗೊಣಗುತ್ತಿದ್ದೆ.

"ಬಾಗಲಾ ತಗದ್ರ ಅದೇನ್ ದೊಡ್ಡ ಸೇವಾ ಏನವ್ವ? ಯಾರ್ ಬೇಕಾದೋರು ತಗೀತಾರ."

"ಯಾರ್ ಬೇಕಾದೋರು ತಗೀತಾರಂತ ಯಾರೂ ತಗಿಯಂಗಿಲ್ಲ, ಪೋರಿ. ಅದಕ್ಕೇ ನೀ ಹೋಗು."

ಶಾಂತಾಬಾಯಿಗೆ ಇದೆಲ್ಲ ದಿನದ ಮೋಜು. ನಾನು ಎಣ್ಣೆಯ ಗಿಂಡಿ ಹಿಡಿದು ಹೊರಟೊಡನೆ, "ನೋಡ್ರಿ, ಕಲ್ಯಾಣದ ಶರಣಿ ಹೊಂಟ್ಳು. ಸೇವಾ ಮಾಡ್ಲಿಲ್ಲಂದ್ರ ಇವರ ಮನ್ಯಾಗ ಉಂಡದ್ದ್ ಕರಗಂಗಿಲ್ಲ" ಎನ್ನುತ್ತಿದ್ದಳು. ಇನ್ನು ಕಾಶಮ್ಮಾಯಿ ಉಪಕಾರ ಮಾಡಿಸಿಕೊಳ್ಳುತ್ತಿದ್ದ ರೀತಿ ನೋಡಿದರೆ, ಉಪಕಾರ ಮಾಡುತ್ತಿರುವವಳು ತಾನೇ ಎಂಬಂತಿತ್ತು. "ಬತ್ತಿ ಹೊಸಿಯಾಕತ್ತಿಯೋ ಹಗ್ಗಾ ಹೊಸಿಯಾಕತ್ತಿಯೋ? ಎಣ್ಣಿ ನಿಮ್ಮಪ್ಪ ಗಾಣಾ ಇಟ್ಟಾನಂತ ಸುರೀತಿಯೇನು?" ಎಂದು ಬೈದು, ದೀಪ ನಿಂತ ಮೇಲೆ ನನ್ನ ಹೆಗಲು ಹಿಡಿದು ಒಳಮನೆಗೆ ಹೋಗುತ್ತಿದ್ದಳು. ಅಲ್ಲಿ ಜೋಳ ತುಂಬುವ ಎರಡು ಎತ್ತರದ ತಗಡಿನ ಡಬ್ಬಗಳಿದ್ದವು. ಅವುಗಳ ಹಿಂದೆ, ಗೋಡೆಯ ಸಂದಿಯಲ್ಲಿ, ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದಳು. ಬಾಗಿಲಿನಿಂದ ನೋಡಿದರೆ ಅಲ್ಲೊಬ್ಬಳು ಕುಳಿತಿದ್ದಾಳೆಂದು ಗೊತ್ತೇ ಆಗುತ್ತಿರಲಿಲ್ಲ. ಕುಳಿತಳೆಂದರೆ ಪೂಜೆ ಮುಗಿಯುವವರೆಗೆ ಮೌನ. ಸ್ವಂತ ಮಗಳು ದುಬಲಗುಂಡಿಯಿಂದ ಬಂದು ಕದ ಬಡಿದರೂ ಓ ಎನ್ನುತ್ತಿರಲಿಲ್ಲ.

ಅಂದೂ ಹಾಗೇ ಕೂರಿಸಿ ಬಂದಿದ್ದೆ.

ಓಣಿಯ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕೆಳಗಿನ ಸಾಲಿನಿಂದ ಒಂದು ಮಗು ಅಳುವ ಸದ್ದು ಬಂತು. ಅಳು ನಡುವೆ ಕಡಿದು ಹೋಗಿ, ಉಸಿರು ಸಿಗದ ಗೊರಗೊರ ಶುರುವಾಯಿತು. ಅವ್ವ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಎದ್ದಳು. ಒಲೆಗೆ ನೀರು ಸುರಿದಳು. ಹೋಗಿ ನಮ್ಮ ಮುಂಬಾಗಿಲನ್ನು ದಢಾರನೆ ಹಾಕಿದಳು. ದೀಪದ ಹೊತ್ತಿನಲ್ಲಿ ಆ ಓಣಿಯಲ್ಲಿ ಬಾಗಿಲು ಹಾಕಿದ ಸದ್ದು ನಾನು ಕೇಳಿದ್ದು ಅದೇ ಮೊದಲು.

"ಏ ಮಾದೇವಿ!" ಹೊರಗಿನಿಂದ ಶಾಂತಾಬಾಯಿ ಅವ್ವನನ್ನು ಕೂಗಿದಳು. "ತಲಿ ಕೆಟ್ಟದೇನು? ದೀಪ ಹಚ್ಚಿ ಬಾಗಲಾ ಹಾಕ್ತಿಯಲ್ಲ!"

"ಶಾಂತಾಬಾಯಿ, ಇದು ಮೆಣಸಿನಕಾಯಿ ಅಲ್ಲ! ಮಕ್ಕಳಿಗಿ ಹಿಡ್ಕೊಂಡು ಓಡ್ರಿ!"

ಅವ್ವ ಮೂರು ಟಾವೆಲ್ಲುಗಳನ್ನು ಕೊಡದಲ್ಲಿ ಅದ್ದಿ ನಮ್ಮ ಮುಖಕ್ಕೆ ಸುತ್ತಿದಳು. ಹಿತ್ತಲಿಂದ ಸುತ್ತಿ ಓಣಿಯ ಬಾಯಿಗೆ ಬಂದಾಗ ಒಂದು ಟಂಟಂ ಆಟೊ ನಿಂತಿತ್ತು. ಹೊರಗಿನ ಪಟ್ಟಿಗೂ ಜನ ನೇತಾಡುತ್ತಿದ್ದರು. ಶಾಂತಾಬಾಯಿ ಒಳಗೆ ಕುಳಿತು ವಾಂತಿ ಮಾಡುತ್ತಿದ್ದಳು. ಅವ್ವ ನಮ್ಮಿಬ್ಬರನ್ನೂ ಅವಳ ತೊಡೆಯ ಮೇಲೆ ತುರುಕಿದಳು. ಆಗ ನಾನು ಕೇಳಿದೆ:

"ಆಯಿ ಎಲ್ಲಿ?"

ಶಾಂತಾಬಾಯಿ ಬಾಯಿ ಒರೆಸಿಕೊಂಡು ಹೇಳಿದಳು: "ಕಾಶಮ್ಮ ಮನ್ಯಾಗಿಲ್ಲ. ನಾ ಬಾಗಲದಾಗ ನಿಂತು ಎಷ್ಟ್ ಒದರೀನಿ, ಒಳಗ ಪಿಟ್ಟಂತಿಲ್ಲ. ಮಂಚಾ ಖಾಲಿ ಅದ. ಮಗಳು ಬಂದು ದುಬಲಗುಂಡಿಗಿ ಕರಕೊಂಡು ಹೋಗಿರಬೇಕು."

ಅವಳು ಸುಳ್ಳು ಹೇಳಲಿಲ್ಲ. ಆ ಘಾಟಿನಲ್ಲಿ ನಿಂತು ಕೂಗಿದ್ದೂ ನಿಜ, ಮಂಚ ಖಾಲಿ ಇದ್ದದ್ದೂ ನಿಜ.

"ಇಲ್ಲವ್ವ" ಎಂದೆ. "ಆಯಿ ಪೂಜಾಕ ಕುಂತಾಳ. ಡಬ್ಬದ ಹಿಂದ. ಕರದ್ರ ಮಾತಾಡಲ್ಲ."

"ಪೋರಿ ಮಾತ್ ಕೇಳಿ ಸಾಯಾಕ ಹೊಂಟಿಯೇನ್ ಮಾದೇವಿ? ಎರಡ್ ಮಕ್ಕಳವ ನಿಂಗ!"

ಅವ್ವ ಅವಳತ್ತ ನೋಡಲೇ ಇಲ್ಲ. ನನ್ನ ಗಲ್ಲ ಹಿಡಿದು ಕೇಳಿದಳು.

"ಖರೇ?"

"ಖರೇ ಅವ್ವ. ನಾನೇ ಕೂಡಿಸಿ ಬಂದೀನಿ."

ಟಂಟಂನವನು ಹಾರ್ನ್ ಒತ್ತುತ್ತಲೇ ಇದ್ದ. "ಅಕ್ಕಾರ, ನಾ ನಿಂದ್ರಂಗಿಲ್ಲ ನೋಡ್ರಿ. ನಂಗೂ ಮನಿ ಅದ, ಮಂದಿ ಅದಾರ!" ಅವ್ವ ಅಷ್ಟರಲ್ಲಿ ಓಡಿಯಾಗಿತ್ತು. ನಾನು ಶಾಂತಾಬಾಯಿಯ ಕೈ ಕೊಡವಿ ಹಿಂದೆಯೇ ಧುಮುಕಿದೆ. ಇದನ್ನು ಶೌರ್ಯವೆಂದು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಆ ಒಳಮನೆಯ ಕತ್ತಲಲ್ಲಿ ಎಲ್ಲಿ ಕಾಲಿಟ್ಟರೆ ಒರಳು ಸಿಗುತ್ತದೆ, ಎಲ್ಲಿ ಮೆಟ್ಟಿಲು ಇಳಿಯುತ್ತದೆ ಎಂದು ನನ್ನ ಕಾಲಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ. ಅಷ್ಟೇ.

ನಾನು ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಅದರ ಸುತ್ತ ಗಾಳಿ ಹಳದಿಗಟ್ಟಿದಂತೆ ಕಂಡಿತು. ಕಣ್ಣೀರಿನ ಮೂಲಕ ನೋಡಿದ್ದರಿಂದಲೋ, ನಿಜವಾಗಿ ಹಾಗೇ ಇತ್ತೋ ಹೇಳಲಾರೆ. ಅವ್ವ ಮುಂಬಾಗಿಲು ಹಾಕಿದಳು. ಡಬ್ಬಗಳ ಹಿಂದೆ ಕಾಶಮ್ಮಾಯಿ ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು ಕುಳಿತಿದ್ದಳು. ಎದೆಯಿಂದ ಹಳೆಯ ಬಾವಿಯ ರಾಟೆಯಂಥ ಸದ್ದು ಬರುತ್ತಿತ್ತು. ಎಡಗೈ ಮುಷ್ಟಿ ಬಿಗಿದಿತ್ತು, ಲಿಂಗ ಅದರೊಳಗಿತ್ತು. ನಾನು ಮಂಚದ ಮೇಲಿನ ಕೌದಿ ಎಳೆದು ತಂದೆ. ಅವ್ವ ಆಕೆಯನ್ನು ಅದರ ಮೇಲೆ ಉರುಳಿಸಿದಳು. ಇಬ್ಬರೂ ಕೌದಿಯ ಎರಡು ತುದಿ ಹಿಡಿದು, ಹಿತ್ತಲ ಬಾಗಿಲಿನಿಂದ ತೊಗರಿ ಹೊಲದ ಬದುವಿನವರೆಗೆ ಎಳೆದೆವು. ನನಗೆ ಈಗಲೂ ಕನಸಿನಲ್ಲಿ ಬರುವುದು ಅನಿಲವಲ್ಲ, ಆ ಕೌದಿಯ ಭಾರ. ಎಳೆಯುತ್ತೇನೆ, ಬರುವುದಿಲ್ಲ. ಎಳೆಯುತ್ತೇನೆ, ಬರುವುದಿಲ್ಲ.

ಬದುವಿನ ಪಕ್ಕದಲ್ಲಿ ಟಂಟಂ ನಿಂತಿತ್ತು. ನಿಲ್ಲುವುದಿಲ್ಲ ಎಂದಿದ್ದವನು ಓಣಿ ಸುತ್ತಿ ಹಿಂದಿನ ದಾರಿಗೆ ಬಂದಿದ್ದ. "ಎತ್ತ್ರಿ ಎತ್ತ್ರಿ, ಮಾರಿ ಏನ್ ನೋಡ್ತೀರಿ" ಎಂದು ಅವನೇ ಆಕೆಯ ಕಾಲು ಹಿಡಿದ.

ಕಾಶಮ್ಮಾಯಿಯನ್ನು ಹುಮನಾಬಾದಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿ, ಬೀದರಿಗೆ ಕಳಿಸಿದರು. ಉಳಿಯುವುದು ಕಷ್ಟ ಎಂದರು. ಸುದ್ದಿ ಕೇಳಿ ಮಂಡಿಯಿಂದ ಆಸ್ಪತ್ರೆಗೆ ಓಡಿ ಬಂದ ಅಪ್ಪ ಆಕೆಯ ಜೊತೆ ಹೋದ. ಅವ್ವ ನಮ್ಮಿಬ್ಬರನ್ನು ಕಲ್ಯಾಣಕ್ಕೆ, ಸೋದರಮಾವನ ಮನೆಗೆ ಕರೆದುಕೊಂಡು ಬಂದಳು. ಮಾವನದು ಬಟ್ಟೆ ಅಂಗಡಿ, ದೊಡ್ಡ ಮನೆ, ದಪ್ಪ ಗೋಡೆ. ಅಲ್ಲಿ ಎಲ್ಲ ಇತ್ತು, ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಮೂಗು ಎಚ್ಚರವಾಗುತ್ತಿತ್ತು. ಮಾಮಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ರೇಣು ಅಂಗಳಕ್ಕೆ ಓಡುತ್ತಿದ್ದಳು. ಅವ್ವ ಮಲಗಿದಲ್ಲಿಂದಲೇ ಕೈ ಚಾಚಿ ನಮ್ಮ ಎದೆ ಮುಟ್ಟಿ ನೋಡುತ್ತಿದ್ದಳು, ಆ ಕೈಗೆ ನಾನು ಎಚ್ಚರವಾಗುತ್ತಿದ್ದೆ, ನಾನು ಎಚ್ಚರವಾದದ್ದಕ್ಕೆ ಅವಳು ಬೈಯುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಕಲ್ಯಾಣ ಮುಟ್ಟಿತ್ತು. ಎಲ್ಲರೂ ಒಂದೇ ಮಾತು ಹಿಡಿದಿದ್ದರು: ಮುದುಕಿಯ ಬಾಗಿಲು ತೆರೆದಿದ್ದರಿಂದ ಅಷ್ಟು ಹೊಗೆ ಒಳಗೆ ಹೋಯಿತು, ತೆರೆದವಳು ಮಾದೇವಿಯ ಮಗಳು. ಒಂದು ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ ಉಣ್ಣುತ್ತಾ ಮಾವನೇ ಅದನ್ನು ಬಾಯಿಬಿಟ್ಟು ಹೇಳಿದ.

"ನೋಡ್ ಮಾದೇವಿ, ಸಿಟ್ಟ್ ಮಾಡಬ್ಯಾಡ. ಪೋರಿ ಅವತ್ತ ಬಾಗಲಾ ತಗೀಲಿಲ್ಲಂದ್ರ ಆ ಮುದುಕಿಗಿ ಇಷ್ಟ್ ತ್ರಾಸ ಆಗ್ತಿದ್ದಿಲ್ಲ. ಸೇವಾ ಗೀವಾ ನಮ್ಮಪ್ಪನ ಕಾಲಕ್ಕ ಮುಗೀತು. ಇನ್ನ ಮಕ್ಕಳಿಗಿ ಮನ್ಯಾಗ ಇಟ್ಕೋ. ಓದಸು, ಬರಸು, ಸಾಕು."

ಅವ್ವ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದಳು. ಅಣ್ಣನ ಎದುರು ಅವಳು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬಾಗಲಾ ಓಣಿ ಮಂದಿದೆಲ್ಲಾ ತೆರದಿತ್ತಣ್ಣ. ವಿಷ ಬಿಟ್ಟವರು ಯಾರು, ಅವರಿಗಿ ಕೇಳು. ನನ್ನ ಮಗಳಿಗಿ ಕೇಳಬ್ಯಾಡ. ಶಾಂತಾಬಾಯಿ ಬಾಗಲದಾಗ ನಿಂತು ಒದರಿ, ಮುದುಕಿ ಇಲ್ಲಂತ ಹೊಳ್ಳಿ ಬಂದ್ಳು. ನಾನೂ ಹೊಳ್ಳತಿದ್ದೆ. ಆಯಿ ಎಲ್ಲಿ ಕುಂದ್ರತಾಳ, ಕರದ್ರ ಯಾಕ ಮಾತಾಡಲ್ಲ, ಇಡೀ ಓಣ್ಯಾಗ ಇದೊಂದ್ ಕೂಸಿಗಿ ಗೊತ್ತಿತ್ತು. ಹ್ಯಾಂಗ ಗೊತ್ತಿತ್ತು? ದಿನಾ ಹೋಗಿ ಬಾಗಲಾ ತಗೀತಿದ್ಳು, ಅದಕ್ಕ ಗೊತ್ತಿತ್ತು. ನೀ ಅದನ್ನೇ ಬಿಡಸು ಅಂತಿ."

ಮಾಮಿ ಮಾವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಉಣ್ಣ್ರಿ ಸುಮ್ನ" ಎಂದಳು. ಅದೇ ದಿನ ಅವ್ವ ಚೀಲ ಕಟ್ಟಿದಳು. ಬಸ್ಸಿನಲ್ಲಿ ಹುಮನಾಬಾದ್ ಹತ್ತಿರವಾದಂತೆ ನನ್ನ ಕೈ ಬೆವರಿತು. ಅವ್ವನದೂ ಬೆವರಿತ್ತು. ಇಬ್ಬರೂ ಕೈ ಬಿಡಲಿಲ್ಲ.

ಜೀಪಿನವರು ಬಂದದ್ದು ಆಮೇಲೆ. ಇಸ್ತ್ರಿ ಅಂಗಿಯ ಇಬ್ಬರು ಓಣಿಯ ನಡುವೆ ನಿಂತು, ಅಂಥಾದ್ದೇನೂ ಆಗಿಲ್ಲ, ಎಂಟರ ಸುಮಾರಿಗೆ ಸ್ವಲ್ಪ ವಾಸನೆ ಬಂದಿರಬಹುದು, ಗಾಳಿ ಹೊತ್ತುಕೊಂಡು ಹೋಯಿತು ಎಂದರು. ಅವ್ವ ಕಟ್ಟೆಯಿಂದ ಇಳಿದು ಬಹಳ ಮರ್ಯಾದೆಯಿಂದ ಹೇಳಿದಳು:

"ಹೌದ್ರಿ ಸಾಹೇಬ್ರ. ಹಂಗಾರ ನಾಳೆ ದೀಪ ಹಚ್ಚೋ ಹೊತ್ತಿಗಿ ಹೆಂಡ್ರು ಮಕ್ಕಳಿಗಿ ಕರಕೊಂಡು ಬರ್ರಿ. ಇಲ್ಲೇ ಕಟ್ಟಿ ಮ್ಯಾಲ ಕುಂದ್ರಿ. ಚಾ ಮಾಡಿ ಕೊಡ್ತೀನಿ."

ಅವರು ಬರಲಿಲ್ಲ. ಆದರೆ ಅವತ್ತು ಅವರ ಜೀಪು ತಿರುಗುವವರೆಗೂ ಅದರ ಮುಂದೆ ನಿಂತು, ಕೈಯೆತ್ತಿ ಬೈದವಳು ಶಾಂತಾಬಾಯಿ.

ಕಾಶಮ್ಮಾಯಿ ಬದುಕಿದಳು. ಮಗಳು ದುಬಲಗುಂಡಿಗೆ ಬಾ ಎಂದು ಎಷ್ಟು ಅತ್ತರೂ ಒಪ್ಪದೆ, ತನ್ನ ಮನೆಗೇ ಬಂದಳು. ದನಿ ಮಾತ್ರ ಹೋಗಿತ್ತು. ಬೈಗುಳವೂ ಪಿಸುಮಾತಿನಂತೆ ಬರುತ್ತಿತ್ತು. ಆಕೆ ಬಂದ ದಿನ ಸಂಜೆ ಎಣ್ಣೆಯ ಗಿಂಡಿ ನನ್ನ ಕೈಗೆ ಕೊಡುವಾಗ ಅವ್ವ ಹೋಗು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಓಣಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅನಿಲ ಬಂದ ದಿನದಿಂದ ಎಷ್ಟೋ ಮನೆಗಳಲ್ಲಿ ದೀಪದ ಹೊತ್ತಿಗೆ ಬಾಗಿಲು ಅರ್ಧವೇ ತೆರೆಯುತ್ತಿತ್ತು. ನಾನು ಹಿತ್ತಲಿನಿಂದ ಒಳಗೆ ಹೋಗಿ ದೀಪ ಹಚ್ಚಿದೆ. ಮುಂಬಾಗಿಲಿನ ಅಗಳಿಯ ಮೇಲೆ ಕೈಯಿಟ್ಟೆ. ಕೈ ಏಳಲಿಲ್ಲ.

"ತಗಿ" ಎಂದು ಹಿಂದಿನಿಂದ ಕಾಶಮ್ಮಾಯಿ ಪಿಸುಗುಟ್ಟಿದಳು.

"ಒಲ್ಲೆ."

"ಯಾಕ? ಅಂಜಿಕಿ ಬಂದದ?"

"ಹೂಂ. ನೀ ಪೂಜಾಕ ಕುಂತಾಗ ಕರದ್ರ ಓ ಅನಬೇಕು. ಅಂತಿಯಂದ್ರ ತಗೀತೀನಿ."

"ಪೂಜಾದಾಗ ಮಾತಾಡಬೇಕಾ? ಏನ್ ಪೋರಿ ಬೇ ನೀ! ಮದ್ವಿ ಆಗಿ ಬಂದಾಗಿಂದ ಮೌನ ಮುರದಾಕಿ ಅಲ್ಲ ನಾ."

"ಹಂಗಾರ ನಾ ತಗಿಯಂಗಿಲ್ಲ. ನೀನೇ ಎದ್ದು ತಗಿ."

ಏಳಲಾಗದವಳಿಗೆ ಹಾಗೆ ಹೇಳಿದ್ದು ಒರಟುತನವೇ. ಆದರೆ ಆ ಮಾತನ್ನು ನಾನು ಇವತ್ತೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ದೀಪಕ್ಕೆ ಗಾಳಿ ಬೇಕೆಂಬಂತೆ ಬತ್ತಿ ಸಣ್ಣಗೆ ಚಟಗುಟ್ಟಿತು. ಕೊನೆಗೆ ಆಕೆ, "ಮಾತಾಡಲ್ಲ. ಡಬ್ಬಾ ಬಡೀತೀನಿ. ನಡೀತದ?" ಎಂದಳು.

ನಡೆಯುತ್ತದೆ ಎಂದೆ. ಅಗಳಿ ತೆಗೆದೆ. ಹೊರಗಿನ ಗಾಳಿ ಬಂತು. ಅದರಲ್ಲಿ ಯಾರದೋ ಮನೆಯ ಬೇಳೆ ಕುದಿಯುವ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆಕೆಯನ್ನು ಡಬ್ಬದ ಹಿಂದೆ ಕೂರಿಸಿ, ಓಣಿಗೆ ಬಂದು, ನಡುವೆ ನಿಂತು ಕೂಗಿದೆ: "ಆಯೀ!" ಒಳಗಿನಿಂದ ತಗಡಿನ ಮೇಲೆ ಅಂಗೈ ಬಿದ್ದ ಸದ್ದು ಬಂತು. ಇನ್ನೊಮ್ಮೆ ಕೂಗಿದೆ. ಇನ್ನೊಮ್ಮೆ ಬಡಿದಳು, ಈ ಸಲ ಸಿಟ್ಟಿನಿಂದ. ರೇಣು ಕೂಗಿದಳು. ಶಾಂತಾಬಾಯಿಯ ಮಕ್ಕಳು ಕೂಗಿದರು. ಶಾಂತಾಬಾಯಿ, "ಮುದುಕಿಗಿ ಪೂಜಾ ಮಾಡಗೊಡ್ರೇ, ಭಾಡ್ಯಾಗೋಳ್ರಾ" ಎನ್ನುತ್ತಲೇ ತಾನೂ ಒಂದು ಸಲ ಕೂಗಿ, ಉತ್ತರ ಬಂದದ್ದಕ್ಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ನಾನಿರುವ ಮನೆಯಲ್ಲಿ ನನ್ನ ಮಗಳಿಗೂ ಒಂದು ಓಣಿ ಕೆಲಸವಿದೆ. ಕೆಳಗಿನ ಮನೆಯ, ಕಣ್ಣು ಮಂಜಾದ ಹಿರಿಯರಿಗೆ ಶಾಲೆಯಿಂದ ಬಂದು ಪತ್ರಿಕೆ ಓದಿ ಹೇಳುವುದು. ಕಾಲ ಕೆಟ್ಟಿದೆ, ಹುಡುಗಿಯನ್ನು ಯಾರ ಮನೆಗೂ ಕಳಿಸಬೇಡ ಎಂದು ಬುದ್ಧಿ ಹೇಳುವವರು ನನಗೂ ಇದ್ದಾರೆ. ಕಾಲ ಕೆಟ್ಟದ್ದನ್ನು ನಾನು ಮೂಗಿನಿಂದ ಕುಡಿದು ಬಲ್ಲೆ. ಸಂಜೆ ಆರು ನಲವತ್ತಾದರೆ ಇವತ್ತಿಗೂ ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ನೋಡುತ್ತೇನೆ. ನಾನೂ ಮೊದಲು ಒಂದೆರಡು ದಿನ ಮಗಳ ಜೊತೆ ಹೋಗಿ ಕುಳಿತು ನೋಡಿ ಬಂದಿದ್ದೇನೆ. ಆಮೇಲೆ ಕಳಿಸಿದ್ದೇನೆ. ಕಳಿಸುತ್ತೇನೆ.

ಡಬ್ಬ ಬಡಿದ ಆ ದಿನ ನಾವು ಬೇಗ ಉಂಡು ಮಲಗಿದೆವು. ಆಗ ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ, ಬೆಳಕು ಹರಿಯುವ ಮೊದಲು ಬರುತ್ತಿತ್ತು. ನೀರು ಬರುವ ದಿನ ಅವ್ವ ಎಲ್ಲರಿಗಿಂತ ಮೊದಲು ಎದ್ದು ಓಣಿಯನ್ನೆಲ್ಲ ಎಬ್ಬಿಸುವವಳು. ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಪಡಸಾಲೆಯ ನಡುವೆ ಬಂದಿತ್ತು. ಅಪ್ಪ ಗೊರಕೆ ಹೊಡೆಯುತ್ತಿದ್ದ. ರೇಣುವಿನ ಕಾಲು ನನ್ನ ಹೊಟ್ಟೆಯ ಮೇಲಿತ್ತು. ಅವ್ವ ಬಾಯಿ ಸ್ವಲ್ಪ ತೆರೆದು, ಕೈ ತನ್ನ ಎದೆಯ ಮೇಲೇ ಇಟ್ಟುಕೊಂಡು ಮಲಗಿದ್ದಳು. ಯಾರೋ ಬಾಗಿಲು ಬಡಿದರು.

"ಏ ಮಾದೇವಿ, ಸತ್ತಿಯೋ ಬದುಕಿಯೋ? ನಳ ಬಂದು ಹೋಯ್ತು!"

ಅವ್ವ ಗಾಬರಿಯಿಂದ ಎದ್ದು, ಖಾಲಿ ಕೊಡ ಹಿಡಿದು ಬಾಗಿಲು ತೆರೆದಳು. ಕಟ್ಟೆಯ ಮೇಲೆ ತುಂಬಿದ ಎರಡು ಬಿಂದಿಗೆ ಇಟ್ಟು ಶಾಂತಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ಅವಳ ಮಕ್ಕಳು ಇನ್ನೊಂದು ಬಕೆಟ್ಟನ್ನು ನೆಲಕ್ಕೆಲ್ಲ ಚೆಲ್ಲುತ್ತಾ ಎಳೆದು ತರುತ್ತಿದ್ದರು.

"ಎಬ್ಬಸಬೇಕಿಲ್ಲೇನ್ರಿ?" ಎಂದಳು ಅವ್ವ.

"ಬಂದಿದ್ದೆ. ಕಿಡಕ್ಯಾಗಿಂದ ನೋಡ್ದೆ, ಎಲ್ಲಾರೂ ಮಲಗಿದ್ರಿ" ಎಂದಳು ಶಾಂತಾಬಾಯಿ. "ಮಲಗ್ಲಿ ಬಿಡು ಅಂತ ನಾನೇ ತುಂಬಸ್ದೆ."